ಬನ್ನಿಯ ಬದಲು ಹಿತ್ತಾಳೆ

ಬಸವಂತಪ್ಪನವರು ತಮ್ಮ ಜನ್ಮದಲ್ಲಿ ಒಂದು ಮೊಟ್ಟೆ ಒಡೆದವರಲ್ಲ. ಬೈಲಹೊಂಗಲ ಕಡೆಯ ಲಿಂಗಾಯತರು. ಅಡುಗೆಮನೆಯಲ್ಲಿ ಇರುವೆ ಸಾಲು ಕಂಡರೆ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಹುಲ್ಲಿನಲ್ಲಿ ಬಿಟ್ಟು ಬರುವ ಪೈಕಿ. ಅಂಥವರು ಅಮೇರಿಕದ ವರ್ಜೀನಿಯಾದಲ್ಲಿ, ಸ್ಟರ್ಲಿಂಗ್ ಊರಿನ ತಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕೂತು ರೈಫಲ್ಲಿಗೆ ತೋಟಾ ತುಂಬುತ್ತಾರೆ ಎಂದರೆ ಕೇಳಿದವರು ನಗುತ್ತಿದ್ದರು. ನಗಲಿ. ಅವರು ಹೊಡೆಯುತ್ತಿದ್ದದ್ದು ಬರೀ ಕಾಗದಕ್ಕೆ. ಗುರಿ ಹೊಡೆಯುವ ರೇಂಜಿನಲ್ಲಿ ದೂರಕ್ಕೆ ತೂಗುಬಿಟ್ಟ ಕಾಗದದ ಕಪ್ಪು ಚುಕ್ಕೆಗೆ ತೂತು ಬಿದ್ದರೆ ಆಯಿತು, ವಾರವೆಲ್ಲ ಮುಖ ಅರಳಿರುತ್ತಿತ್ತು.

ನಿಜ ಹೇಳಬೇಕೆಂದರೆ ಹೊಡೆಯುವುದಕ್ಕಿಂತ ತುಂಬುವುದೇ ಅವರಿಗೆ ಇಷ್ಟ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕೇಸು ಖಾಲಿಯಾಗಿ ಕೆಳಗೆ ಬೀಳುತ್ತದೆ. ಅದನ್ನು ಆರಿಸಿ ತಂದು, ಉಜ್ಜಿ ಹೊಳಪು ಮಾಡಿ, ಕೈಪ್ರೆಸ್ಸಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು, ಬುಡಕ್ಕೆ ಕಿಡಿ ಕೊಡುವ ಪ್ರೈಮರ್ ಕೂರಿಸಿ, ಹೊಟ್ಟೆಗೆ ತೂಕ ಮಾಡಿದ ಮದ್ದು ಸುರಿದು, ಬಾಯಿಗೆ ಗುಂಡು ಸಿಕ್ಕಿಸಿದರೆ ಹೊಸ ತೋಟಾ ಸಿದ್ಧ. ಕೆಲಸದಲ್ಲಿದ್ದಷ್ಟು ಕಾಲವೂ ವರ್ಜೀನಿಯಾದ ಸೇತುವೆಗಳ ಕೆಳಗೆ ಟಾರ್ಚ್ ಹಿಡಿದು ಬಿರುಕು ಹುಡುಕಿದ ಎಂಜಿನಿಯರ್ ಅವರು. ನಿವೃತ್ತರಾದ ಮೇಲೆ ಆ ಕಣ್ಣಿಗೂ ಆ ಕೈಗೂ ಒಂದು ಕೆಲಸ ಬೇಡವೇ? ಕೂದಲೆಳೆಯಷ್ಟು ಬಿರುಕೂ ತಮ್ಮ ಕಣ್ಣು ತಪ್ಪಿಸಿಕೊಂಡು ಹೋಗಿಲ್ಲ ಎನ್ನುವುದು ಅವರ ಜಂಬ. ಜಂಬ ಪಡುವುದಕ್ಕೆ ಕಾರಣವೂ ಇತ್ತು ಅನ್ನಿ.

ಈ ವಿದ್ಯೆ ಕಲಿಸಿದವನು ಪಕ್ಕದ ಮನೆಯ ಹಾರ್ಲನ್. ವೆಸ್ಟ್ ವರ್ಜೀನಿಯಾದ ಗುಡ್ಡಗಾಡಿನಿಂದ ಬಂದ ಮುದುಕ. ಮಾತಿಗಿಂತ ಕೆಮ್ಮು ಹೆಚ್ಚು, ಬಾಯಲ್ಲಿ ಯಾವಾಗಲೂ ಒಂದು ಕೆಮ್ಮಿನ ಗುಳಿಗೆ. ಅವನಿಗೆ ಜೋರು ಹೊಡೆತದ ತೋಟಾ ಹಿಡಿಸದು. ಭುಜಕ್ಕೆ ಒದೆಯದಂಥ, ಸ್ವಲ್ಪವೇ ಮದ್ದಿನ ಮೆತ್ತಗಿನ ತೋಟಾ ತುಂಬುತ್ತಿದ್ದ. ಅದರಲ್ಲೊಂದು ಅಪಾಯವಿದೆ. ಮದ್ದು ಕೇಸಿನ ಅರ್ಧಕ್ಕೂ ಬರುವುದಿಲ್ಲವಾದ್ದರಿಂದ, ಮೈಮರೆತು ಎರಡನೇ ಸಲ ಸುರಿದರೂ ಹೊರಗೆ ಚೆಲ್ಲುವುದಿಲ್ಲ. ಗುಂಡು ಸಿಕ್ಕಿಸಿಬಿಟ್ಟರೆ ಒಳಗಿರುವುದು ಒಂದು ಪಾಲೋ ಎರಡೋ ಆ ಶಿವನೇ ಬಲ್ಲ. ಎರಡಿದ್ದರೆ ಬಂದೂಕು ಹಿಡಿದವನ ಮುಖದ ಮುಂದೆಯೇ ಒಡೆಯುತ್ತದೆ. ಅದಕ್ಕೇ ಹಾರ್ಲನ್ ಮೊದಲ ದಿನವೇ ಎರಡು ಮಾತು ಹೇಳಿದ್ದ: ಬೇರೆಯವನು ತುಂಬಿದ್ದನ್ನು ನೀನು ಹಾರಿಸಬೇಡ, ನೀನು ತುಂಬಿದ್ದನ್ನು ಬೇರೆಯವನಿಗೆ ಕೊಡಬೇಡ.

2020ರ ಚಳಿಗಾಲದಲ್ಲಿ ಕೋವಿಡ್ ಹಾರ್ಲನ್‌ನನ್ನು ಕರೆದುಕೊಂಡು ಹೋಯಿತು. ಆಸ್ಪತ್ರೆಗೆ ಹೋದವನು ಮತ್ತೆ ಮನೆ ಕಾಣಲಿಲ್ಲ. ಮಣ್ಣಿಗೂ ಯಾರನ್ನೂ ಬಿಡಲಿಲ್ಲ. ಅವನ ಹೆಂಡತಿ ಮನೆ ಮಾರಿ ಮಗನ ಊರಿಗೆ ಹೊರಟಾಗ ಅವನ ಪ್ರೆಸ್ಸು, ತಕ್ಕಡಿ, ಹಳೇ ಬಲ್ಬಿನ ದೀಪ, ಎತ್ತರದ ಸ್ಟೂಲು, ಜೇಬಿರುವ ಕ್ಯಾನ್ವಾಸ್ ಏಪ್ರನ್ ಎಲ್ಲವನ್ನೂ ಬಸವಂತಪ್ಪನವರಿಗೆ ಕೊಟ್ಟಳು. ಅವರು ಅದನ್ನೆಲ್ಲ ತಮ್ಮ ಬೇಸ್‌ಮೆಂಟಿನಲ್ಲಿ ಅಲ್ಲಿದ್ದ ಹಾಗೆಯೇ ಜೋಡಿಸಿದರು. ಸ್ಟೂಲಿನ ಮೇಲೆ ಮಾತ್ರ ಕೂರಲಿಲ್ಲ. ಅದನ್ನು ಗೋಡೆಗೆ ಒತ್ತಿ ಇಟ್ಟು, ಏಪ್ರನ್ನನ್ನು ಅದರ ಮೇಲೆ ಮಡಿಸಿಟ್ಟರು. ಗುರುವಿನ ಪೀಠ ಅದು, ಹತ್ತುವ ಅಧಿಕಾರ ತಮಗಿಲ್ಲ ಎಂದುಕೊಂಡರು.

ಅನುಮಾನ ಶುರುವಾದದ್ದು 2022ರ ಬೇಸಿಗೆ ಮುಗಿಯುವ ಹೊತ್ತಿಗೆ. ಅವರ ಹೆಂಡತಿ ರೇಣುಕಾದೇವಿ ಒಂದು ಶಾಲೆಯ ಕೆಫೆಟೀರಿಯಾದಲ್ಲಿ ಕೆಲಸ ಮಾಡುತ್ತಾರೆ, ಬೆಳಿಗ್ಗೆ ಹೋದರೆ ಬರುವುದು ಸಂಜೆಯ ಮುಂದೆ. ಮನೆಯಲ್ಲಿ ಬಸವಂತಪ್ಪನವರು ಒಬ್ಬರೇ. ಒಂದು ದಿನ ಊಟ ಮಾಡಿ, ಸೋಫಾದಲ್ಲಿ ಒರಗಿ, ಎದ್ದು ಕೆಳಗಿಳಿದರೆ ಮೇಜಿನ ದೀಪ ಉರಿಯುತ್ತಿತ್ತು. ಬಲ್ಬು ಮುಟ್ಟಿ ನೋಡಿದರು, ಸುಡುತ್ತಿತ್ತು. ತಾವು ಖಾಲಿ ಬಿಟ್ಟಿದ್ದ ಮರದ ಹಲಗೆಯ ಕುಳಿಗಳಲ್ಲಿ ತೋಟಾಗಳು ಸಾಲಾಗಿ ನಿಂತಿದ್ದವು. ಹೊಚ್ಚ ಹೊಸವು. ಗೋಡೆಗೆ ಒತ್ತಿದ್ದ ಸ್ಟೂಲು ಮೇಜಿನ ಹತ್ತಿರಕ್ಕೆ ಬಂದಿತ್ತು, ಗಾಳಿಯಲ್ಲಿ ಕೆಮ್ಮಿನ ಗುಳಿಗೆಯ ಘಾಟು ತಣ್ಣಗೆ ಆಡುತ್ತಿತ್ತು.

ಹೊರಬಾಗಿಲು ನೋಡಿದರು, ಚಿಲಕ ಹಾಕಿದಂತೆಯೇ ಇತ್ತು. ಕಿಟಕಿಗಳೂ ಭದ್ರ. ಮೈಯ ರೋಮ ನೆಟ್ಟಗಾಯಿತು. ಆದರೂ ಓಡಿಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು ಆ ಖಾಲಿ ಸ್ಟೂಲನ್ನೇ ಬಹಳ ಹೊತ್ತು ನೋಡಿ, ಕೊನೆಗೆ "ಏನಪ್ಪಾ ಹಾರ್ಲನ್, ಆರಾಮ?" ಎಂದು ಕನ್ನಡದಲ್ಲೇ ಕೇಳಿದರು.

ಆಮೇಲೆ ಅದು ವಾಡಿಕೆಯಾಯಿತು. ಒಮ್ಮೆ ಮದ್ದಿನ ಡಬ್ಬಿಯ ಮುಚ್ಚಳ ತೆರೆದಿರುವುದು, ಒಮ್ಮೆ ಅರ್ಧ ಕುಡಿದಿಟ್ಟ ಕಾಫಿ, ಒಮ್ಮೆ ಸೊಗಸಾಗಿ ತುಂಬಿ ಡಬ್ಬಿಗೆ ಹಾಕಿಟ್ಟ ತೋಟಾಗಳು. ರಾತ್ರಿ ಏನೂ ಇಲ್ಲ. ಎಲ್ಲ ಮಟಮಟ ಮಧ್ಯಾಹ್ನ. ಹಗಲು ದೆವ್ವ ಎಂದರೆ ನಮ್ಮ ಕಡೆ ನಗುತ್ತಾರೆ, ಆದರೆ ಅಮೇರಿಕದ ದೆವ್ವಕ್ಕೂ ಆಫೀಸ್ ವೇಳೆ ಇದ್ದೀತು. ಬಸವಂತಪ್ಪನವರಿಗೆ ಹೆದರಿಕೆಗಿಂತ ಒಂದು ಥರದ ಸಮಾಧಾನವೇ ಆಗತೊಡಗಿತು. ಸತ್ತವನೇ ಆಗಲಿ, ದೊಡ್ಡ ಮನೆಯಲ್ಲಿ ಮಧ್ಯಾಹ್ನ ಇನ್ನೊಬ್ಬ ಇದ್ದಾನಲ್ಲ! ಹೆಂಡತಿಗೆ ಹೇಳಿದಾಗ ಆಕೆ ಮೇಲೆ ಕೆಳಗೆ ನೋಡಿ, ಮೇಜಿಗೆ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗಿದರು. ಮದ್ದಿನ ಪಕ್ಕದಲ್ಲಿ ಊದಿನಕಡ್ಡಿ ಕಂಡು ಬಸವಂತಪ್ಪನವರು ಕೂಗಾಡಿ ಅದನ್ನು ಆರಿಸಿದರು.

ಹೀಗಿರುವಾಗ ದಸರೆ ಬಂತು. ಉತ್ತರ ಕರ್ನಾಟಕದವರಿಗೆ ನವಮಿಯ ದಿನ ಖಂಡೇಪೂಜೆ ಎನ್ನುವ ಆಯುಧಪೂಜೆ, ಮಾರನೆಯ ದಿನ ಬನ್ನಿ. ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು ಕೈ ಮುಗಿಯದಿದ್ದರೆ ಹಬ್ಬ ಆದಂತಲ್ಲ. ವರ್ಜೀನಿಯಾದಲ್ಲಿ ಬನ್ನಿ ಎಲ್ಲಿಂದ ಬರಬೇಕು? ಪ್ರತಿವರ್ಷ ಯಾವುದೋ ಮರದ ಎಲೆ ತಂದು ಸುಧಾರಿಸುತ್ತಿದ್ದರು. ಆ ವರ್ಷ ಖಂಡೇಪೂಜೆಗೆಂದು ಪ್ರೆಸ್ಸಿಗೆ ಹೂವೇರಿಸಿ ನಿಂತ ಬಸವಂತಪ್ಪನವರ ಕಣ್ಣಿಗೆ, ದೀಪದ ಬೆಳಕಲ್ಲಿ ಥಳಥಳ ಹೊಳೆಯುವ ಹಿತ್ತಾಳೆ ಬಿತ್ತು.

"ಇದೇನ್ರೀ, ಹಬ್ಬದಾಗ ಮದ್ದುಗುಂಡು ಹಂಚ್ತೀರೇನು?" ಎಂದರು ರೇಣುಕಾದೇವಿ.

"ಬಂಗಾರದ ಬಣ್ಣ ನೋಡ ಇದು. ಮತ್ತ ಪಾಂಡವರು ಆಯುಧ ಬಚ್ಚಿಟ್ಟಿದ್ದು ಬನ್ನಿ ಗಿಡದಾಗ ಅಲ್ಲೇನು? ಶಾಸ್ತ್ರಕ್ಕ ಬರೋಬ್ಬರಿ ಕೂಡ್ತದ."

ಬೇಕಾದ ಕೆಲಸಕ್ಕೆ ಶಾಸ್ತ್ರ ಹುಡುಕಿಕೊಳ್ಳುವುದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಹಾರ್ಲನ್ ಹೇಳಿದ ಎರಡನೇ ಮಾತು ಅವರಿಗೆ ನೆನಪಿರಲಿಲ್ಲವೆಂದಲ್ಲ, ಹಬ್ಬದ ಮುಂದೆ ಅದು ದೊಡ್ಡದಾಗಿ ಕಾಣಲಿಲ್ಲ. ಜೊತೆಗೆ ರೇಂಜಿಗೆ ಬರುತ್ತಿದ್ದವರು ಇಬ್ಬರು: ಡೇಟಾ ಸೆಂಟರಿನಲ್ಲಿ ಕೆಲಸ ಮಾಡುವ ಕಲಬುರಗಿಯ ಹುಡುಗ ಶರಣ, ಮತ್ತೆ ಫೇರ್‌ಫ್ಯಾಕ್ಸಿನ ತ್ಯಾಗರಾಜರು. ಇಬ್ಬರದೂ ಅದೇ ಅಳತೆಯ ರೈಫಲ್. ಇಬ್ಬರಿಗೂ ಒಂದೊಂದು ಡಬ್ಬಿ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಅಪ್ಪಿಕೊಂಡರು.

ವಾರ ಕಳೆದಿರಬೇಕು, ಶರಣನ ಫೋನು ಬಂತು.

"ಕಾಕಾ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ರೇಂಜಿಗೆ ಬಂದೀನಿ. ಒಂದ್ ತೋಟಾ ಠುಸ್ ಅಂತ ಅಷ್ಟೇ ಸೌಂಡ್ ಮಾಡ್ತು. ಗುಂಡು ಬ್ಯಾರಲ್‌ದಾಗೇ ಸ್ಟಕ್ ಆಗ್ಯಾದ. ಅದ್ರಾಗ ಮದ್ದೇ ಇರ್ಲಿಲ್ಲ ಅನಸ್ತದ್ರಿ."

"ಮತ್ತೊಂದು ಹಾರಿಸೀಯೇನು?" ಬಸವಂತಪ್ಪನವರು ಕೂತಲ್ಲಿಂದ ಎದ್ದರು.

"ಇಲ್ರಿ. ನೀವೇ ಹೇಳಿದ್ರಲ್ಲ, ಅಂಥಾ ಸೌಂಡ್ ಬಂದ್ರ ನಿಲ್ಲಸು, ಹಿಂದ ಮತ್ತೊಂದು ಹಾರಿಸಿದ್ರ ಬ್ಯಾರಲ್ ಒಡೀತದ ಅಂತ. ನಿಲ್ಲಿಸೀನಿ."

ಒಂದರಲ್ಲಿ ಮದ್ದಿಲ್ಲ ಎಂದರೆ ಆ ಪಾಲು ಎಲ್ಲಿ ಹೋಯಿತು? ಇನ್ನೊಂದರ ಹೊಟ್ಟೆಗೆ ಹೋಗಿರಬೇಕು. ಬಸವಂತಪ್ಪನವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಗಲೇ ಕಾರು ತೆಗೆದು ಹೋಗಿ ಶರಣನ ಡಬ್ಬಿ, ತ್ಯಾಗರಾಜರ ಡಬ್ಬಿ ಎರಡನ್ನೂ ಇಸಿದುಕೊಂಡು ಬಂದರು. ಒಂದೊಂದೇ ತೋಟಾದಿಂದ ಗುಂಡು ಕಿತ್ತು, ಮದ್ದು ತಕ್ಕಡಿಗೆ ಸುರಿದು ನೋಡಿದರು. ಶರಣನ ಡಬ್ಬಿಯ ಮುಂದಿನ ಸಾಲಿನಲ್ಲೇ ಇತ್ತು ಅದು. ಎರಡು ಪಾಲು. ಹುಡುಗ ಇನ್ನೊಂದೆರಡು ಸಲ ಬಂದೂಕಿನ ಕುದುರೆ ಎಳೆದಿದ್ದರೆ ಅವನ ತಾಯಿ ಕಲಬುರಗಿಯಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು. ಬಸವಂತಪ್ಪನವರು ಆ ಮದ್ದಿನ ಗುಪ್ಪೆಯನ್ನು ನೋಡುತ್ತ ಗೊಳೋ ಎಂದು ಅತ್ತುಬಿಟ್ಟರು.

ಅಳು ನಿಂತ ಮೇಲೆ ಸಿಟ್ಟು ಬಂತು. ಪ್ರತಿಯೊಂದು ಕೇಸಿನೊಳಗೂ ದೀಪ ಹಾಕಿ ನೋಡಿಯೇ ಗುಂಡು ಸಿಕ್ಕಿಸುವವರು ತಾವು. ಹಾಗಾದರೆ ಇದು ಹಾರ್ಲನ್‌ನ ಕೆಲಸ. ಮಾತು ಮೀರಿದ್ದಕ್ಕೆ ಮುದುಕ ಸೇಡು ತೀರಿಸಿಕೊಂಡ. "ನನ್ನ ಮ್ಯಾಲ ಸಿಟ್ಟಿದ್ರ ನನಗ ಮಾಡಬೇಕಿತ್ತು! ಆ ಹುಡುಗ ಏನ್ ಮಾಡಿದ್ದ ನಿನಗ?" ಎಂದು ಸ್ಟೂಲನ್ನು ಝಾಡಿಸಿ ಒದ್ದರು.

ಊರಲ್ಲಾಗಿದ್ದರೆ ಒಬ್ಬ ಮಂತ್ರವಾದಿ ಸಿಗುತ್ತಿದ್ದ. ಇಲ್ಲಿ ಅಮೆಜಾನಿನಲ್ಲಿ ಕ್ಯಾಮೆರಾ ಸಿಗುತ್ತದೆ. ಜನ ಕೆಲಸಕ್ಕೆ ಹೋದಾಗ ನಾಯಿ ಬೆಕ್ಕುಗಳನ್ನು ನೋಡಿಕೊಳ್ಳಲು ಇಡುತ್ತಾರಲ್ಲ, ಅಂಥದೊಂದನ್ನು ರೇಣುಕಾದೇವಿ ತರಿಸಿದರು. ಗಂಡನಿಗೂ ತೋರಿಸಿಯೇ ಕಪಾಟಿನ ಮೇಲಿಟ್ಟರು. ಮುಚ್ಚುಮರೆ ಏನೂ ಇರಲಿಲ್ಲ, ದೆವ್ವವನ್ನು ಹಿಡಿಯಬೇಕೆಂದು ಇಬ್ಬರಿಗೂ ಒಂದೇ ಹಟ. ಮಾರನೆಯ ದಿನ ಮಧ್ಯಾಹ್ನ ತಾವು ಮಲಗಿ ಎದ್ದುದಾಗಿಯೂ, ಕೆಳಗೆ ಕಾಲಿಡಲಿಲ್ಲವೆಂದೂ ಬಸವಂತಪ್ಪನವರು ಹೇಳಿದರು. ಸಂಜೆ ಹೆಂಡತಿ ಬಂದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಫೋನು ಇಟ್ಟು ಇಬ್ಬರೂ ನೋಡತೊಡಗಿದರು.

ಬಹಳ ಹೊತ್ತು ಖಾಲಿ ಕೋಣೆ. ಆಮೇಲೆ ಮೆಟ್ಟಿಲ ಮೇಲೆ ಕಾಲು ಕಾಣಿಸಿತು. ರೇಣುಕಾದೇವಿ ಕೊರಳ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಳಿದು ಬಂದವರು ಬಸವಂತಪ್ಪನವರೇ.

ತೆರೆಯ ಮೇಲಿನ ಬಸವಂತಪ್ಪನವರು ಏಪ್ರನ್ ತೊಟ್ಟರು. ಅದರ ಜೇಬಿಗೆ ಕೈ ಹಾಕಿ ಗುಳಿಗೆಯೊಂದನ್ನು ಬಿಚ್ಚಿ ಬಾಯಿಗೆಸೆದುಕೊಂಡರು. ಹಾರ್ಲನ್‌ನ ಸ್ಟೂಲನ್ನು ಎಳೆದು ಅದರ ಮೇಲೆ ಹತ್ತಿ ಕೂತು, ತಮ್ಮ ಎಂದಿನ ಕುರ್ಚಿಯ ಕಡೆ ತಿರುಗಿ ಏನೋ ಹೇಳಿದರು. ಸುಮ್ಮನಾಗಿ ಕೇಳಿಸಿಕೊಂಡರು. ನಕ್ಕರು. ಕೇಸಿಗೆ ಮದ್ದು ಸುರಿದರು, ಕುರ್ಚಿಯ ಕಡೆ ತಿರುಗಿ ಮಾತಾಡಿದರು, ಮತ್ತೆ ಅದೇ ಕೇಸಿಗೆ ಮದ್ದು ಸುರಿದರು. ಮುಖದಲ್ಲಿ ಅಷ್ಟು ನೆಮ್ಮದಿ! ಹೆಂಡತಿ ಆ ಮುಖವನ್ನು ಈಚಿನ ದಿನಗಳಲ್ಲಿ ಕಂಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಏಪ್ರನ್ ಮಡಿಸಿಟ್ಟು, ಕಪಾಟಿನಿಂದ ತುಂಬಿದ ಡಬ್ಬಿಯೊಂದನ್ನು ತೆಗೆದು ಕಂಕುಳಲ್ಲಿಟ್ಟುಕೊಂಡು, ಜೇಬಿನಲ್ಲಿ ಕಾರಿನ ಕೀಲಿ ತಡಕುತ್ತ ಮೆಟ್ಟಿಲು ಹತ್ತಿ ಹೋದರು. ತಿರುಗಿ ಬಂದದ್ದು ಕ್ಯಾಮೆರಾಕ್ಕೆ ಕಾಣಲಿಲ್ಲ.

ಇದ್ಯಾವುದೂ ಬಸವಂತಪ್ಪನವರಿಗೆ ನೆನಪಿರಲಿಲ್ಲ. ಒಂದು ಎಳೆಯೂ ಇರಲಿಲ್ಲ.

"ಡಬ್ಬಿ ಎಲ್ಲಿ ಒಯ್ದೀರಿ?" ಎಂದರು ರೇಣುಕಾದೇವಿ.

"ಗೊತ್ತಿಲ್ಲ."

"ನೆನಪ್ ಮಾಡ್ಕೋರಿ. ಇವತ್ತ ಮಧ್ಯಾಹ್ನದ್ದು ಇದು!"

"ಅವಾ ಯಾರು ಅಂತನ ನನಗ ಗೊತ್ತಿಲ್ಲ ರೇಣುಕಾ," ಎಂದು ಅವರು ಫೋನಿನಲ್ಲಿದ್ದ ತಮ್ಮನ್ನೇ ಬೊಟ್ಟು ಮಾಡಿ ತೋರಿಸಿದರು. ದೆವ್ವಕ್ಕೆ ಹೆದರದ ಮನುಷ್ಯ ಅಂದು ಸಂಜೆ ಬಾತ್‌ರೂಮಿನ ಕನ್ನಡಿಗೆ ಟವೆಲ್ ಹೊದಿಸಿದರು.

ಅಟ್ಲಾಂಟದಲ್ಲಿ ಡಾಕ್ಟರಾಗಿರುವ ಮಗಳು ಸಿದ್ದೇಶ್ವರಿ ಫೋನಿನಲ್ಲಿ ಎಲ್ಲ ಕೇಳಿ, ನರತಜ್ಞರಿಗೆ ತೋರಿಸಬೇಕು, ತಾನು ಬರುವವರೆಗೆ ಕಾರಿನ ಕೀಲಿ ಅಮ್ಮನ ಹತ್ತಿರ ಇರಲಿ ಎಂದಳು. ಪ್ರೆಸ್ಸು ಕಳಚಿದರು. ಮದ್ದನ್ನು ಶರಣ ಒಯ್ದ. ರೈಫಲ್ ತ್ಯಾಗರಾಜರ ಮನೆ ಸೇರಿತು. ಆದರೆ ಹೊರಗೆ ಹೋದ ಡಬ್ಬಿ? ಅದೊಂದೇ ಏನು, ಎಷ್ಟು ಹೋಗಿವೆಯೋ! ಯಾರ ಮನೆಯ ಮಗ ಯಾವ ರೇಂಜಿನಲ್ಲಿ ಅದನ್ನು ಬಂದೂಕಿಗೆ ತುಂಬುತ್ತಿದ್ದಾನೋ. ಎಲ್ಲಿಂದಲೋ ಪಟಾಕಿ ಸದ್ದು ಬಂದರೂ ಬಸವಂತಪ್ಪನವರು ಎದ್ದು ನಿಲ್ಲುತ್ತಿದ್ದರು.

ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ. ಬನ್ನಿಯೆಂದು ಒಯ್ದಿದ್ದರೆ ನಮ್ಮವರಿಗೇ ಕೊಟ್ಟಿರಬೇಕು, ಅಲ್ಲಿ ಮೈಕಿನಲ್ಲಿ ಹೇಳಿಬಿಡುತ್ತೇನೆ ಎಂದರು ಬಸವಂತಪ್ಪನವರು.

"ಬ್ಯಾಡ್ರಿ," ರೇಣುಕಾದೇವಿ ಕೈ ಹಿಡಿದರು. "ಒಬ್ಬೊಬ್ಬರಿಗೇ ಫೋನ್ ಹಚ್ಚಿ ಕೇಳೂಣು. ಅಷ್ಟು ಮಂದಿ ಮುಂದ ಹೇಳಿದ್ರ ಹುಚ್ಚ ಅಂತಾರ. ಹುಚ್ಚನ ಕೈಯಾಗ ಬಂದೂಕು ಅಂತಾರ. ನಾಳೆಯಿಂದ ಯಾರೂ ನಮ್ಮ ಮನಿಗೆ ಕಾಲ್ ಇಡಂಗಿಲ್ಲ."

"ಯಾರಿಗ್ ಹಚ್ತೀ? ಯಾರಿಗೆ ಕೊಟ್ಟೀನಿ ಅಂತ ಗೊತ್ತಿದ್ರಲ್ಲ ಹಚ್ಚಾಕ. ಮರ್ಯಾದಿ ಹೋದ್ರ ನಂದಷ್ಟ ಹೋಗ್ತದ. ಕಣ್ಣು ಹೋದ್ರ ಮಂದೀದು."

ಬಾಡಿಗೆಯ ಹಾಲಿನಲ್ಲಿ ಮಕ್ಕಳ ಕೋಲಾಟ ಮುಗಿದು ಊಟಕ್ಕೆ ಏಳುವ ಮುಂಚೆ ಬಸವಂತಪ್ಪನವರು ವೇದಿಕೆ ಹತ್ತಿದರು. "ನನಗ ಮರೆವು ಬಂದದ," ಎಂದು ನೇರವಾಗಿ ಶುರು ಮಾಡಿದರು. "ಬಂಗಾರ ಅಂತ ನಾ ಯಾರ್‍ಯಾರಿಗೋ ತೋಟಾ ಕೊಟ್ಟೀನಿ. ಯಾರಿಗೆ ಅಂತ ನೆನಪಿಲ್ಲ. ಅದನ್ನ ಹಾರಿಸಬ್ಯಾಡ್ರಿ, ಜೀವಕ್ಕ ಅಪಾಯ ಐತಿ. ನಿಮ್ಮ ಕಾಲಿಗೆ ಬೀಳ್ತೀನಿ, ಯಾರ ಹತ್ರ ಐತೋ ಅವರು ನನಗ ಹೇಳ್ರಿ." ಹಾಲಿನಲ್ಲಿ ಪಿಸುಮಾತು ಎದ್ದಿತು. ಮುಂದಿನ ಸಾಲಿನವರೊಬ್ಬರು ಮಗನನ್ನು ಮಡಿಲಿಗೆ ಎಳೆದುಕೊಂಡರು. ಅದನ್ನು ಕಂಡೂ ಅವರು ಮಾತು ಮುಗಿಸಿಯೇ ಇಳಿದರು.

ಊಟದ ಸಾಲಿನಲ್ಲಿ ಯಾರೂ ಹತ್ತಿರ ಸುಳಿಯಲಿಲ್ಲ. ಎಲೆ ಎತ್ತುವ ಹೊತ್ತಿಗೆ ಸೀರೆಯುಟ್ಟ ಒಬ್ಬ ಹುಡುಗಿ, ಮೂವತ್ತರ ಆಚೀಚೆ, ಪುಟ್ಟ ಮಗಳ ಕೈ ಹಿಡಿದುಕೊಂಡು ಬಂದಳು. ಬಸವಂತಪ್ಪನವರು ಆಕೆಯನ್ನು ಹಿಂದೆಂದೂ ಕಂಡಿರಲಿಲ್ಲ.

"ಅಂಕಲ್, ನಮ್ಮನೇಲೂ ಇದೆ," ಎಂದಳು. "ದಸರಾ ಆದ್ಮೇಲೆ ತಂದ್ಕೊಟ್ರಲ್ಲ. ಬಂಗಾರ ಅಂದ್ರಿ ಅಂತ ದೇವ್ರ ಮುಂದೆ ಇಟ್ಬಿಟ್ಟಿದ್ದೀನಿ. ಈಗ್ಲೂ ದೀಪ ಹಚ್ಚಿ ಬಂದೆ."

ರೇಣುಕಾದೇವಿ ಎದ್ದು ತ್ಯಾಗರಾಜರನ್ನು ಕರೆದರು. ಆ ಹುಡುಗಿಯ ಹೆಸರು ಶ್ರೀಲತಾ, ಗಂಡ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದಾನೆ ಎನ್ನುವುದು ಕಾರಿನಲ್ಲಿ ಆಕೆಯ ಹಿಂದೆ ಹೋಗುವಾಗ ತ್ಯಾಗರಾಜರಿಂದ ತಿಳಿಯಿತು. ಟೌನ್‌ಹೌಸಿನ ಅಡುಗೆಮನೆಯ ಗೂಡಿನಲ್ಲಿ ಚಾಮುಂಡಿಯ ಪಟ, ಮುಂದೆ ಎಣ್ಣೆ ತುಂಬಿದ ದೀಪ, ದೀಪಕ್ಕೆ ಒತ್ತಿಕೊಂಡು ಡಬ್ಬಿ. ಮುಚ್ಚಳಕ್ಕೆ ಕುಂಕುಮ. ತ್ಯಾಗರಾಜರು ಮೊದಲು ದೀಪ ಶಾಂತ ಮಾಡಿ, ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಟೇಬಲ್ಲಿನ ಮೇಲಿಟ್ಟು ಮುಚ್ಚಳ ತೆಗೆದರು. ಅರ್ಧಕ್ಕರ್ಧ ಕುಳಿಗಳು ಖಾಲಿ.

"ಇದರಾಗಿಂದು ಉಳಿದಿದ್ದು?" ಬಸವಂತಪ್ಪನವರು ಕೇಳಿದರು.

"ಅದನ್ನ ನೀವೇ ವಾಪಸ್ ತಗೊಂಡ್ರಲ್ಲ ಅಂಕಲ್. ಇನ್ನೂ ಎಷ್ಟೋ ಮನೆಗೆ ಬನ್ನಿ ಕೊಡೋದಿದೆ ಅಂತ. ಬುಧವಾರ ಬಂದಾಗೆಲ್ಲ ನಾಲ್ಕು ನಾಲ್ಕು ಜೇಬಿಗೆ ಹಾಕ್ಕೊಂಡು ಹೋಗ್ತಿದ್ರಿ."

"ಬುಧವಾರ?" ಎಂದರು ರೇಣುಕಾದೇವಿ.

"ಹೌದು ಆಂಟಿ. ಪಾರ್ಕಲ್ಲಿ ಸಿಕ್ಕಾಗಿಂದ ಬರ್ತಿದ್ರಲ್ಲ, ಇವಳ ಜೊತೆ ಆಡೋಕೆ. ಈಗ ಕೆಲವು ವಾರದಿಂದ ಕಾಣ್ಲಿಲ್ಲ. ನಿಮಗೆ ಗೊತ್ತಿರುತ್ತೆ ಅಂತ ನಾನು..." ಶ್ರೀಲತಾ ಇಬ್ಬರ ಮುಖವನ್ನೂ ನೋಡಿದಳು.

ಬಸವಂತಪ್ಪನವರು ಸುತ್ತಲೂ ನೋಡಿದರು. ಈ ಸೋಫಾ, ಈ ಕಿಟಕಿ, ಗೋಡೆಯ ಮೇಲಿನ ಈ ಬಣ್ಣದ ಗೀಚು, ಯಾವುದೂ ಅವರಿಗೆ ಗುರುತಿನದಲ್ಲ. ಇಂಥ ಮನೆ ಇನ್ನೆಷ್ಟಿವೆಯೋ, ಎಷ್ಟು ಬಾಗಿಲುಗಳಲ್ಲಿ ತಾವು ನಗುನಗುತ್ತ ಆ ಹಿತ್ತಾಳೆ ಕೊಟ್ಟು ಬಂದಿದ್ದಾರೋ. ಅವರು ಸೋಫಾದ ಅಂಚಿನಲ್ಲಿ ಕೂತರು. ಪುಟ್ಟ ಹುಡುಗಿ ಸಲುಗೆಯಿಂದ ಬಂದು ಅವರ ತೊಡೆಗೆ ಒರಗಿ, ಏಳಬೇಡ ಎನ್ನುವಂತೆ ಅಂಗಿಯ ತುದಿ ಹಿಡಿದುಕೊಂಡಳು. ಏನಾದರೂ ಮಾತಾಡಬೇಕಲ್ಲ, ಅವರು ಅವಳ ತಲೆ ಸವರಿ ಕೇಳಿದರು:

"ನಿನ್ನ ಹೆಸರೇನವ್ವಾ?"

ಹುಡುಗಿ ಕಿಲಕಿಲ ನಕ್ಕಳು. "ತಾತಾ, ಯು ಆಲ್ವೇಸ್ ಆಸ್ಕ್ ದಟ್."